ಲಕ್ಷ್ಮಿ ಏಳು ತುಂಡಾದಳು

ನಮ್ಮ ಮನೆಯಲ್ಲಿ ದುಡಿಯುವವರು ಇಬ್ಬರು ಎಂದು ಬೀದಿಯವರು ನಂಬಿದ್ದಾರೆ. ಅಮ್ಮನ ಲೆಕ್ಕದಲ್ಲಿ ಒಬ್ಬಳೇ. ಸೊಸೆ ಸಾಫ್ಟ್‌ವೇರು, ಬೆಳಿಗ್ಗೆ ತಲಘಟ್ಟಪುರದಲ್ಲಿ ಮೆಟ್ರೋ ಹತ್ತಿದರೆ ರಾತ್ರಿಯೇ ಇಳಿಯುವುದು. ಮಗ ಮಾರ್ಕೆಟಿಂಗು. “ಅದೇನೋ ಮೆಸೇಜು ಕಳಿಸ್ತಾನಂತೆ” ಎಂದು ಅಮ್ಮ ಬಂದವರಿಗೆ ಹೇಳುತ್ತಾಳೆ. ಗುಡ್ ಮಾರ್ನಿಂಗ್ ಮೆಸೇಜನ್ನು ಆಕೆಯೂ ದಿನಾ ಕಳಿಸುತ್ತಾಳೆ, ಸಂಬಳವಿಲ್ಲದೆ. 2021ರ ಜನವರಿಯಲ್ಲಿ ಮೆಟ್ರೋದ ಹಸಿರು ಮಾರ್ಗ ರೇಷ್ಮೆ ಸಂಸ್ಥೆಯವರೆಗೆ ಬಂದಮೇಲೆ ‘ಕನಕಪುರ ರಸ್ತೆ ಜಾಮು’ ಎಂದು ಅಂಗಡಿಗೆ ತಡವಾಗಿ ಹೋಗುವ ನನ್ನ ಏಕೈಕ ಪ್ರತಿಭೆಯೂ ಬೆಲೆ ಕಳೆದುಕೊಂಡಿತು.

ನನ್ನದು ಸೀರೆ ಅಂಗಡಿಯ ಪ್ರಚಾರ. ವರಮಹಾಲಕ್ಷ್ಮಿ ಹಬ್ಬಕ್ಕೆ ಮುಂಚೆ ಗ್ರಾಹಕರಿಗೆಲ್ಲ ಎಸ್ಸೆಮ್ಮೆಸ್ ಹೋಗಬೇಕು. ಕನ್ನಡದಲ್ಲಿ ಕಳಿಸಿದರೆ ಬಿಲ್ಲು ಇಂಗ್ಲಿಷಿನದಕ್ಕಿಂತ ದಪ್ಪ. ಮಾಲೀಕರು “ಕನ್ನಡ ದುಬಾರಿ ಮಾರಾಯ” ಎಂದುಬಿಟ್ಟರು. ನನ್ನೊಳಗಿನ ರಾಜ್ಯೋತ್ಸವ ಎದ್ದು ಕೂತಿತು. ಮನೆಗೆ ಬಂದು ಹೆಂಡತಿಯ ಮುಂದೆ ಅನ್ಯಾಯ, ಸಂಚು, ಎರಡು ಸಾವಿರ ವರ್ಷಗಳ ಇತಿಹಾಸ ಎಂದೆಲ್ಲ ಶುರುಮಾಡಿದೆ. ಅವಳು ಮೊಸರನ್ನ ಕಲಸುತ್ತಲೇ, “ಭಾಷಣ ಸಾಕು. ಎರಡು ಸಾಲು ಪೈಥಾನ್ ಕಲೀರಿ, ಗೊತ್ತಾಗತ್ತೆ” ಎಂದಳು. ನೀನೇ ಕಲಿಸು ಅಂದರೆ, ಆಫೀಸಿನ ಕೆಲಸ ಮನೆಗೆ ತರುವುದಿಲ್ಲವಂತೆ. ಎಂಟನೇ ಕ್ಲಾಸಿನ ಮಗಳು ಪಾನಿಪುರಿಯ ಕರಾರಿನ ಮೇಲೆ ಒಪ್ಪಿದಳು.

ಕಲಿತದ್ದು ಮೊದಲು ‘ಲೆನ್’. ಕಂಸದೊಳಗೆ ಪದ ಕೊಟ್ಟರೆ ಅದರ ಉದ್ದ ಹೇಳುತ್ತದೆ. ‘ಲಕ್ಷ್ಮಿ’ ಎಂದು ಕೊಟ್ಟೆ. ನನ್ನ ಕಣ್ಣಿಗೆ ಎರಡು ಅಕ್ಷರ. ಕಂಪ್ಯೂಟರು 7 ಎಂದಿತು. “ಒಡೆದು ನೋಡಪ್ಪ” ಎಂದು ಮಗಳು ಇನ್ನೊಂದು ಆಜ್ಞೆ ಹೊಡೆದಳು. ಲ, ಕ, ಒಂದು ಹಲಂತ ಚಿಹ್ನೆ, ಷ, ಮತ್ತೊಂದು ಹಲಂತ ಚಿಹ್ನೆ, ಮ, ಕೊನೆಗೊಂದು ಗುಡಿಸು. ಕಂಪ್ಯೂಟರು ಕನ್ನಡ ಬರೆದಿಡುವ ಯೂನಿಕೋಡಿನಲ್ಲಿ ಹಲಂತ, ಕೊಂಬು, ಗುಡಿಸು ಎಲ್ಲಕ್ಕೂ ಬೇರೆ ಬೇರೆ ಸೀಟು. ಪರದೆ ತುಂಬ ಚೂರುಚೂರಾಗಿ ಬಿದ್ದ ದೇವಿಯನ್ನು ಕಂಡು ಅಮ್ಮ, “ಹಬ್ಬದ ಹಿಂದಿನ ದಿನ ಲಕ್ಷ್ಮೀನ ಏಳು ತುಂಡು ಮಾಡ್ತೀಯಲ್ಲೋ!” ಎಂದು ದೀಪ ಹಚ್ಚಲು ಓಡಿದಳು.

ಆದರೆ ನನ್ನ ತಲೆಯಲ್ಲಿ ಆಗಲೇ ದೀಪ ಹತ್ತಿತ್ತು. ಒಂದು ಎಸ್ಸೆಮ್ಮೆಸ್ಸು ಹೊರುವುದು 140 ಬೈಟು. ಇಂಗ್ಲಿಷಾದರೆ ಅದರಲ್ಲಿ 160 ಅಕ್ಷರ ಹಿಡಿಸುತ್ತವೆ, ಯೂನಿಕೋಡಾದರೆ 70. 71 ಆಯಿತೋ, ಎರಡು ಮೆಸೇಜಿನ ದುಡ್ಡು. ತುಂಡುಗಳನ್ನು ಮತ್ತೆ ಜೋಡಿಸುವ ಗುರುತಿಗೆ ಜಾಗ ಹೋಗಿ ಪ್ರತಿ ತುಂಡಿಗೂ ಉಳಿಯುವುದು 67. ಓದುವವರಿಗೆ ಒಂದೇ ಆಗಿ ಕಾಣುವುದು, ಬಿಲ್ಲಿಗೆ ಮಾತ್ರ ಎರಡಾಗಿ ಕಾಣುತ್ತದೆ. ‘ಶ್ರೀ ವರಮಹಾಲಕ್ಷ್ಮಿ ಹಬ್ಬದ ಹಾರ್ದಿಕ ಶುಭಾಶಯಗಳು’ ಎನ್ನುವಷ್ಟರಲ್ಲೇ 41 ಖರ್ಚು. ಅಂಗಡಿಯ ಹೆಸರು, ರಿಯಾಯಿತಿ, ವಿಳಾಸ ಎಲ್ಲಕ್ಕೂ ಮಿಕ್ಕಿದ್ದು 29. ‘ಆಫರ್‌ಗಳು’ ಎಂದು ಬರೆಯುವಾಗ ರಕಾರ ಹೋಗಿ ಗಕಾರದ ಪಕ್ಕ ಅರ್ಕಾವತ್ತಾಗದಂತೆ ತಡೆಯಲು ನಡುವೆ ಒಂದು ಕಾಣದ ಅಕ್ಷರ ಕೂರುತ್ತದೆ, ಅದಕ್ಕೂ ಟಿಕೆಟ್ಟು! ಇನ್ನೊಂದು ತಮಾಷೆ. ಪೂರ್ತಿ ಇಂಗ್ಲಿಷ್ ಮೆಸೇಜಿನಲ್ಲಿ ಒಂದೇ ಒಂದು ₹ ಚಿಹ್ನೆ ಹಾಕಿ, ಇಡೀ ಮೆಸೇಜು 160ರಿಂದ 70ಕ್ಕೆ ಇಳಿಯುತ್ತದೆ. ಎಸ್ಸೆಮ್ಮೆಸ್ಸಿನ ಮೂಲ ಅಕ್ಷರಪಟ್ಟಿಯಲ್ಲಿ ಪೌಂಡು, ಯೆನ್ನು, ಡಾಲರು ಇವೆ. 2010ರಲ್ಲಿ ಹುಟ್ಟಿದ ನಮ್ಮ ₹ ಇಲ್ಲ.

ಅಂದರೆ ಕನ್ನಡ ದುಬಾರಿಯಲ್ಲ, ನನ್ನ ವಾಚಾಳಿತನ ದುಬಾರಿ. ಇಷ್ಟು ತಿಳಿಯಲು ಎಂಜಿನಿಯರಾಗಬೇಕಿಲ್ಲ. ಮಾತು ಮಾರುವವನಿಗೆ ಮಾತಿನ ತೂಕ ಗೊತ್ತಿರಬೇಕು, ಅಷ್ಟೇ. ಬಂಗಾರದಂಗಡಿಯವನು ತಕ್ಕಡಿಗಾಗಿ ಪಕ್ಕದ ಅಂಗಡಿಗೆ ಓಡುತ್ತಾನೆಯೆ? ನಾನು ಇಷ್ಟು ವರ್ಷ ಓಡಿದವನು. ಡೆವಲಪರ್ ಹುಡುಗರ ಹತ್ತಿರ ಹೋಗಿ “ಏನೋ ಸರಿಯಾಗ್ತಿಲ್ಲ, ಸ್ವಲ್ಪ ನೋಡ್ರಪ್ಪ” ಅಂದರೆ “ಟಿಕೆಟ್ ಹಾಕಿ ಸರ್” ಎನ್ನುತ್ತಿದ್ದರು. ಈಗ “ಇದು ಯೂನಿಕೋಡಿನಲ್ಲಿ ಹೋಗ್ತಿದೆಯಾ?” ಎಂದು ಕೇಳಿದೆ. ಒಬ್ಬ ಎದ್ದು ಕುರ್ಚಿ ಕೊಟ್ಟ.

‘ಹಾರ್ದಿಕ’ ಕಿತ್ತೆ, 8 ಉಳಿಯಿತು. ‘ಶ್ರೀ’ಗೆ ಕೈ ಹಾಕಿದಾಗ ಅಮ್ಮ ಅಡ್ಡ ನಿಂತಳು, ಬಿಟ್ಟೆ. ಗ್ರಾಹಕರ ಪಟ್ಟಿಯಲ್ಲಿ ಒಬ್ಬರೇ ಲಕ್ಷ್ಮಿ, ಲಕ್ಷ್ಮೀ, ಲಕ್ಷ್ಮಿದೇವಮ್ಮ ಎಂದು ಮೂರು ಅವತಾರದಲ್ಲಿದ್ದರು. ಹೆಸರು ಬಿಟ್ಟು ಫೋನ್ ನಂಬರಿನ ಕೊನೆಯ ಹತ್ತು ಅಂಕಿಗಳನ್ನಷ್ಟೇ ಹೋಲಿಸುವ ನಾಲ್ಕು ಸಾಲು ಬರೆದೆ. ಬರೆದದ್ದು ಮಗಳು, ನಾನು ಎಂಟರ್ ಒತ್ತಿದೆ. ಮಾರ್ಕೆಟಿಂಗಿನಲ್ಲಿ ಇದಕ್ಕೆ ‘ನೇತೃತ್ವ’ ಎನ್ನುತ್ತೇವೆ.

ಆಮೇಲೆ ಮನೆಯಲ್ಲಿ ನನ್ನನ್ನು ಹಿಡಿಯುವವರೇ ಇರಲಿಲ್ಲ. ಯಾರ ಮೆಸೇಜು ಬಂದರೂ ಅಳೆಯುವುದು. ಅಮ್ಮನ ಶುಭೋದಯಕ್ಕೆ ಕತ್ತರಿ ಸೂಚಿಸಿ ಒಂದು ಹೊತ್ತಿನ ಕಾಫಿ ಕಳೆದುಕೊಂಡೆ. ಒಂದು ಸಂಜೆ ಹೆಂಡತಿ ಮೆಟ್ರೋದಿಂದ ‘ಹಾಲು ತನ್ನಿ’ ಎಂದು ಕಳಿಸಿದಳು. ಮನೆಗೆ ಬಂದವಳಿಗೆ, “ಬರೀ ಹತ್ತು ಕಣೇ. ಇನ್ನೂ ಅರವತ್ತು ಬಾಕಿ ಇತ್ತು. ಒಂದು ‘ರೀ’ ಸೇರಿಸಿದ್ದರೆ ಎರಡೇ ಆಗೋದು” ಎಂದೆ. ಅವಳು ಏನೂ ಹೇಳಲಿಲ್ಲ. ಎಂಜಿನಿಯರುಗಳು ಜಗಳವಾಡುವುದಿಲ್ಲ, ಮುಂದಿನ ಆವೃತ್ತಿಯಲ್ಲಿ ಸರಿಪಡಿಸುತ್ತಾರೆ.

ಮಾರನೇ ಸಂಜೆ ಬಂತು: ‘ರೀ, ಹಾಲು ಮೊಸರು ಕೊತ್ತಂಬರಿ ಕರಿಬೇವು ನಿಂಬೆಹಣ್ಣು ತೆಂಗಿನಕಾಯಿ ತನ್ನಿ, ಮರೀಬೇಡಿ.’

ಲೆನ್ ಹಾಕಿ ನೋಡಿದೆ. ಸರಿಯಾಗಿ 70.