ಮಾವನವರ ಹೆರಾಲ್ಡ್ ಮತ್ತು ಒಂದು ಮೊಳ ವಾಯರ್

ಪಾಲಬಾವಿಯಲ್ಲಿ ಟ್ರ್ಯಾಕ್ಟರ್ ಇಟ್ಟವರನ್ನು ಎಣಿಸಲು ಕೂತರೆ ಸಂಜೆಯಾಗುತ್ತದೆ. ಅರವತ್ತು ವರ್ಷದ ಕಾರು ಇಟ್ಟುಕೊಂಡವನು ಮಾತ್ರ ನಾನೊಬ್ಬನೇ. ಇಟ್ಟುಕೊಂಡೆ ಅನ್ನುವುದಕ್ಕಿಂತ ಅದು ಬಂದು ನನ್ನ ಅಂಗಳದಲ್ಲಿ ನಿಂತಿತು ಅನ್ನುವುದೇ ಸರಿ. ‘ನಿಂತಿತು’ ಅನ್ನುವ ಮಾತನ್ನು ಬೇಕೆಂದೇ ಬಳಸಿದ್ದೇನೆ.

ಗಾಡಿ 1964ರ ಸ್ಟ್ಯಾಂಡರ್ಡ್ ಹೆರಾಲ್ಡ್, ಎರಡು ಬಾಗಿಲಿನದು. ಮಿರಜದ ನಮ್ಮ ಮಾವನವರು ಮೊಣಕಾಲು ನೋವಿನಿಂದ ಡ್ರೈವಿಂಗ್ ಬಿಟ್ಟಾಗ, “ಅಳಿಯಂದಿರು ಸೈನ್ಸ್ ಮಾಸ್ತರರು, ಅವರ ಕೈಯಾಗ ಗಾಡಿ ಛಲೋ ಇರತೈತಿ” ಎಂದು ಕೀಲಿಕೈಗೆ ಅರಿಶಿನ-ಕುಂಕುಮ ಹಚ್ಚಿ ಕೊಟ್ಟರು. ಈ ಒಂದು ಮಾತಿನಲ್ಲಿ ನನಗೆ ಎರಡು ಉರುಲು ಬಿದ್ದವು. ಗಾಡಿ ಹೆಂಡತಿಯ ತವರಿನದು, ಆದ್ದರಿಂದ ಅದರಲ್ಲಿ ದೋಷ ಇರಲು ಸಾಧ್ಯವಿಲ್ಲ. ನಾನು ಸೈನ್ಸ್ ಮಾಸ್ತರ, ಆದ್ದರಿಂದ ಅದು ಕೆಟ್ಟರೆ ದೋಷ ಯಾರದೆಂದು ಹುಡುಕುವ ಅಗತ್ಯವೂ ಇಲ್ಲ.

ಮೊದಲ ವಾರ ನಾನು ನೆಲದ ಮೇಲೆ ನಡೆಯಲಿಲ್ಲ. ಕಟ್ಟೆಯ ಮೇಲೆ ಕೂತವರಿಗೆಲ್ಲ ಕರೆದು ಕರೆದು ಹೇಳಿದೆ: ಇದರ ಮೈ ರೂಪಿಸಿದವನು ಇಟಲಿಯ ಮಿಕೆಲೊಟ್ಟಿ. ಇಂಗ್ಲೆಂಡಿನ ಟ್ರಯಂಫ್ ಕಂಪನಿ ಇದನ್ನು 1959ರಲ್ಲಿ ಹೊರತಂದಿತು, 1961ರಿಂದ ಮದ್ರಾಸಿನಲ್ಲೂ ತಯಾರಾಯಿತು. ಇದೇ ಚಾಸಿಯನ್ನು ಗಿಡ್ಡ ಮಾಡಿ 1962ರಲ್ಲಿ ಸ್ಪಿಟ್‌ಫೈರ್ ಎಂಬ ಸ್ಪೋರ್ಟ್ಸ್ ಕಾರು ಮಾಡಿದರು. ಅಂದರೆ ಇದು ಮತ್ತು ಆ ಸ್ಪೋರ್ಟ್ಸ್ ಕಾರು ಖಾಸಾ ಅಣ್ಣತಮ್ಮಂದಿರು!

“ಎಷ್ಟು ಎಚ್.ಪಿ. ರೀ ಮಾಸ್ತರ?” ಎಂದರು ಬಾಜೂ ಮನೆ ಕಾಕಾ.

“ಮೂವತ್ತೈದರ ಆಸುಪಾಸು.”

“ನಮ್ಮ ಟ್ರ್ಯಾಕ್ಟರ್ ಐವತ್ತು ಐತಿ,” ಎಂದು ಕಾಕಾ ಎಲೆ-ಅಡಿಕೆ ಬಾಯಿಗೆ ಹಾಕಿಕೊಂಡರು. ಸ್ಪೋರ್ಟ್ಸ್ ವಿಷಯ ಅಲ್ಲಿಗೆ ಮುಗಿಯಿತು.

ಗಾಡಿಯಲ್ಲಿ ಮೆಚ್ಚಬೇಕಾದ್ದು ಇಲ್ಲದಿಲ್ಲ. ಇಪ್ಪತ್ತೈದು ಅಡಿಯಲ್ಲಿ ಗರಕ್ಕನೆ ತಿರುಗುತ್ತದೆ. ಚಕ್ಕಡಿ ತಿರುಗಿಸಲು ಎತ್ತು ಬಿಚ್ಚಬೇಕಾದ ನಮ್ಮ ಓಣಿಯಲ್ಲಿ ಇದು ಸಣ್ಣ ಮಾತಲ್ಲ. ಬಾನೆಟ್ಟು ಮಡ್‌ಗಾರ್ಡು, ಹೆಡ್‌ಲೈಟು ಸಮೇತ ಇಡಿಯಾಗಿ ಮುಂದಕ್ಕೆ ಬಾಗಿ, ಮೊಸಳೆ ಬಾಯಿ ತೆರೆದಂತೆ ತೆರೆದುಕೊಳ್ಳುತ್ತದೆ. ಬಾಗಿಲು ಎರಡೇ ಆದ್ದರಿಂದ ಅವ್ವನನ್ನು ಹಿಂದೆ ಕೂರಿಸುವುದೆಂದರೆ ಹಗೇವಿಗೆ ಜೋಳದ ಚೀಲ ಇಳಿಸಿದ ಹಾಗೆ. ಮೊದಲು ತಲೆ, ಆಮೇಲೆ ಒಂದು ಕಾಲು, ಆಮೇಲೆ ನನಗೂ ಸತ್ತುಹೋದ ನಮ್ಮಪ್ಪನಿಗೂ ಸೇರಿಸಿ ಬೈಗುಳ, ಕೊನೆಗೆ ಇನ್ನೊಂದು ಕಾಲು.

ಮೊದಲ ಭಾನುವಾರ ನಾನು ಗಾಡಿಯನ್ನು ‘ನೀಟು’ ಮಾಡಿದೆ. ಒಣಗಿದ ಲಿಂಬೆಹಣ್ಣು, ಬಣ್ಣಗೆಟ್ಟ ಗಣಪತಿ, 1990ರ ಸುಮಾರಿನ ಪೆಟ್ರೋಲ್ ಚೀಟಿಗಳು, ಡಿಕ್ಕಿಯ ಮೂಲೆಯಲ್ಲಿ ಅರಿವೆ ಸುತ್ತಿ ಗಂಟು ಹಾಕಿದ ಒಂದು ಮೊಳ ಹಳದಿ ವಾಯರ್, ಎಲ್ಲವನ್ನೂ ಕಿತ್ತು ಅಂಗಳಕ್ಕೆ ಎಸೆದೆ. “ಅಪ್ಪ ಕಟ್ಟ್ಯಾರ ಅಂದ್ರ ಏನರ ಕಾರಣ ಇರತೈತ್ರಿ,” ಎಂದಳು ಹೆಂಡತಿ. ನಾನು ನಕ್ಕೆ. ಆ ನಗೆಯ ಲೆಕ್ಕ ಮುಂದೆ ಬರುತ್ತದೆ.

ಮುಂದಿನ ವಾರ ಮೂಡಲಗಿಗೆ ಅಕ್ಕನ ಮಗಳ ಕುಬಸಕ್ಕೆ ಹೋದೆವು. ಹೋಗುವಾಗ ಹಗಲು, ಸುಖವಾಗಿ ಹೋದೆವು. ಬರುವಾಗ ಮುಸ್ಸಂಜೆ, ಲೈಟು ಇನ್ನೂ ಹಾಕಿರಲಿಲ್ಲ. ಕಬ್ಬಿನ ಟ್ರ್ಯಾಕ್ಟರೊಂದು ಅಡ್ಡ ಬಂತೆಂದು ಬ್ರೇಕ್ ಒತ್ತಿದೆ. ನನ್ನ ಎದುರಿನ ಮೀಟರ್ ದೀಪಗಳು ಮಿಣುಕ್ ಎಂದು ಹೊತ್ತಿಕೊಂಡವು. ಕಾಲು ತೆಗೆದೆ, ಆರಿದವು. ಒತ್ತಿದೆ, ಹೊತ್ತಿದವು. ಎಡಕ್ಕೆ ತಿರುಗುವ ಇಂಡಿಕೇಟರ್ ಹಾಕಿದರೆ ಅದು ಮಿಟುಕದೆ, ನನ್ನನ್ನೇ ದಿಟ್ಟಿಸುವ ಕೋಣನ ಕಣ್ಣಿನಂತೆ ಮಂಕಾಗಿ ನಿಂತುಬಿಟ್ಟಿತು. ಹಿಂದಿನ ಟ್ರ್ಯಾಕ್ಟರಿನವನು ಬಾಜೂಗೆ ಬಂದು, ಡೆಕ್ಕಿನ ಹಾಡು ಸಣ್ಣ ಮಾಡಿ, “ಅಣ್ಣಾ, ಬ್ರೇಕ್ ಹಾಕಿದ್ರ ನಿನ್ನ ಬ್ರೇಕ್ ಲೈಟ ಹತ್ತಂಗಿಲ್ಲ, ಮುಂದಿನ ಲೈಟ್ ಹತ್ತಾವ. ಗಾಡಿ ಉಲ್ಟಾ ಕೂಡಿಸ್ಯಾರೇನು?” ಎಂದು ಕೇಳಿ, ಉತ್ತರಕ್ಕೆ ಕಾಯದೆ ಹಾಡು ದೊಡ್ಡದು ಮಾಡಿಕೊಂಡು ಹೋದ.

“ನಮ್ಮಪ್ಪನ ಕೈಯಾಗಿದ್ದಾಗ ಹಿಂಗ ಆಗಿದ್ದಿಲ್ಲ,” ಎಂದಳು ಹೆಂಡತಿ. ಹಗೇವಿನಿಂದ ಅವ್ವ ಹೂಂಗುಟ್ಟಿದಳು. ಅತ್ತೆ-ಸೊಸೆ ಒಂದೇ ಮಾತಿಗೆ ಬಂದದ್ದು ಹದಿನೆಂಟು ವರ್ಷದಲ್ಲಿ ಅದೇ ಮೊದಲು.

ಮರುದಿನ ಶಾಸ್ತ್ರೋಕ್ತವಾಗಿ ತಪಾಸಣೆ ಶುರುಮಾಡಿದೆ. ಮನೆಯ ಸ್ವಿಚ್‌ಬೋರ್ಡಿಗೆ ಬಳಸುವ ಟೆಸ್ಟರನ್ನು ಬ್ಯಾಟರಿಗೆ ಇಟ್ಟೆ. ಹೊತ್ತಲಿಲ್ಲ. ಇನ್ನೊಂದು ತುದಿಗೂ ಇಟ್ಟೆ. ಊಹೂಂ. “ಬ್ಯಾಟರಿ ಸತ್ತೈತಿ,” ಎಂದು ಘೋಷಿಸಿ, ಹಾರೂಗೇರಿಗೆ ಹೋಗಿ ಹೊಸ ಬ್ಯಾಟರಿ ತಂದೆ. ಅದಕ್ಕೂ ಟೆಸ್ಟರ್ ಇಟ್ಟೆ. ಅದೂ ಸತ್ತಿತ್ತು! ಆಗ ಹೊಳೆಯಿತು: ಟೆಸ್ಟರಿನೊಳಗಿನ ನಿಯಾನ್ ದೀಪ ಹೊತ್ತಲು ಅರವತ್ತು ಎಪ್ಪತ್ತು ವೋಲ್ಟಾದರೂ ಬೇಕು, ಕಾರಿನ ಬ್ಯಾಟರಿಯಲ್ಲಿರುವುದು ಹನ್ನೆರಡು. ಇಪ್ಪತ್ತೆರಡು ವರ್ಷದಿಂದ ವಿದ್ಯುತ್ ಪಾಠ ಮಾಡಿದ ನಾನು ಈ ಸಂಗತಿಯನ್ನು ಮನೆಯಲ್ಲಿ ಹೇಳಲಿಲ್ಲ. ಹಳೇ ಬ್ಯಾಟರಿ ದೇವರ ಜಗುಲಿಯ ಕೆಳಗೆ ಈಗಲೂ ಆರೋಗ್ಯವಾಗಿದೆ.

ನಂತರ ವಾಯರುಗಳ ಸರದಿ. ಇಂಗ್ಲಿಷ್ ಗಾಡಿಗಳಿಗೆ ಬರ್ಮಿಂಗ್‌ಹ್ಯಾಮಿನ ಲೂಕಾಸ್ ಕಂಪನಿ ಹಾಕಿಕೊಟ್ಟ ಬಣ್ಣದ ಲೆಕ್ಕವೊಂದಿದೆ. ಕಂಪನಿ ಕಟ್ಟಿದ ಜೋಸೆಫ್ ಲೂಕಾಸ್ ಮೊದಲು ಚಿಮಣಿ ಎಣ್ಣೆ ಮಾರುತ್ತಿದ್ದವನು. ಇಂಗ್ಲೆಂಡಿನವರು ತಮಾಷೆಗೆ ಅವನಿಗೆ ‘ಕತ್ತಲೆಯ ರಾಜಕುಮಾರ’ ಎಂದು ಹೆಸರಿಟ್ಟಿದ್ದಾರೆ. ಪಾಪ, ನನ್ನ ಕತ್ತಲೆಗೆ ಅವನು ಕಾರಣನಲ್ಲ. ಬ್ಯಾಟರಿಯಿಂದ ಬರುವುದು ಕಂದು, ಕೀಲಿಕೈ ದಾಟಿದ್ದು ಬಿಳಿ, ಫ್ಯೂಸ್ ದಾಟಿದ್ದು ಹಸಿರು, ಅರ್ಥಿಂಗು ಕಪ್ಪು. ಇದೆಲ್ಲ ಚಾರ್ಟಿನಲ್ಲಿ. ಡಿಕ್ಕಿಯೊಳಗೆ ಅರವತ್ತು ವರ್ಷದ ಧೂಳು ಕುಡಿದು ಎಲ್ಲವೂ ಜೋನಿ ಬೆಲ್ಲದ ಬಣ್ಣಕ್ಕೆ ತಿರುಗಿದ್ದವು. ನಾನು ಟಾರ್ಚ್ ಹಿಡಿದು ಕಣ್ಣು ಕಿರಿದು ಮಾಡುತ್ತಿದ್ದಾಗ, ರೊಟ್ಟಿ ಬಡಿದ ಕೈ ತೊಳೆದು ಬಂದ ಹೆಂಡತಿ ಒದ್ದೆ ಸೆರಗಿನ ತುದಿಯಿಂದ ಒಂದು ವಾಯರ್ ಒರೆಸಿದಳು.

“ಇದು ಹಸಿರು ಒಡಲು, ಕೆಂಪು ದಡಿ.”

ಚಾರ್ಟು ನೋಡಿದೆ. ಎಡಗಡೆಯ ಇಂಡಿಕೇಟರ್!

“ಇದು ಹಸಿರು ಒಡಲು, ಬಿಳಿ ದಡಿ.” ಬಲಗಡೆಯದು. “ಇದು ಹಸಿರಿಗೆ ನೇರಳೆ ದಡಿ. ನಿಮ್ಮಕ್ಕ ಮೊನ್ನೆ ಕುಬಸದಾಗ ಉಟ್ಟಿದ್ಲಲ್ಲ, ಹಂಗ.” ಬ್ರೇಕ್ ಲೈಟು. ಇಲಕಲ್ ಸೀರೆಯ ಕಣ್ಣಿಗೆ ಬರ್ಮಿಂಗ್‌ಹ್ಯಾಮು ಯಾವ ಲೆಕ್ಕ! ಕಾಲು ತಾಸಿನಲ್ಲಿ ಎಲ್ಲ ವಾಯರುಗಳಿಗೂ ಚೀಟಿ ಅಂಟಿಸಿದೆವು. ಎಲ್ಲವೂ ಸರಿಯಾಗಿದ್ದವು. ಹೊಸದಾಗಿ ತಂದ ಮೀಟರ್ ಇಟ್ಟರೆ ಎಲ್ಲದರಲ್ಲೂ ಹನ್ನೆರಡು ವೋಲ್ಟು ಠಾಕಠೀಕ. ದೀಪ ಮಾತ್ರ ಇಲ್ಲ.

ಕೊನೆಗೆ ಟ್ರ್ಯಾಕ್ಟರುಗಳಿಗೆ ಲೈಟು, ಡೆಕ್ಕು ಕೂಡಿಸುವ ಹುಡುಗನನ್ನು ಕರೆಸಿದೆ. ಅವನು ನನ್ನ ಹಳೇ ವಿದ್ಯಾರ್ಥಿ. ಎರಡು ವಾಯರಿಗೆ ಬೆಸೆದ ಒಂದು ಬಲ್ಬು ಬಿಟ್ಟರೆ ಬೇರೆ ಹತ್ಯಾರ ತಂದಿರಲಿಲ್ಲ. ಮೀಟರಿನ ಕಡೆ ನೋಡಲೂ ಇಲ್ಲ. “ಅದಕ್ಕ ಎಳಿಯಷ್ಟು ಕರೆಂಟ್ ಸಿಕ್ರೂ ಹನ್ನೆರಡ ಅಂತೈತ್ರಿ ಸರ್. ಬಲ್ಬಿಗೆ ಹೊಟ್ಟಿ ತುಂಬಬೇಕು.” ಬಲ್ಬಿನ ಒಂದು ತುದಿ ಬ್ರೇಕ್ ವಾಯರಿಗೆ, ಇನ್ನೊಂದು ಡಿಕ್ಕಿಯ ತಗಡಿಗೆ ಮುಟ್ಟಿಸಿದ. ಕತ್ತಲೆ. ಅದೇ ತುದಿಯನ್ನು ಕೆಳಗಿನ ಚಾಸಿಗೆ ಮುಟ್ಟಿಸಿದ. ಝಗ್ಗನೆ ಹೊತ್ತಿತು.

“ಹೋದ ಕರೆಂಟಿಗೆ ತಿರುಗಿ ಬರಾಕ ಹಾದಿ ಇಲ್ರಿ. ಬಾಡಿ ಬ್ಯಾರೆ, ಚಾಸಿ ಬ್ಯಾರೆ, ನಟ್ಟು-ಬೋಲ್ಟಿನ ಮ್ಯಾಲ ಕುಂತೈತಿ. ನಡುವ ಜಂಗ ತುಂಬೈತಿ. ಕಬ್ಬಿಗೆ ನೀರು ಬಿಟ್ಟಾಗ ಹರಿ ಕಟ್ಟಿದ್ರ ಒಡ್ಡು ಒಡದು ಬಾಜೂದವರ ಹೊಲಕ್ಕ ಹೋಗತೈತಲ್ರಿ? ಹಂಗ ಬ್ರೇಕಿನ ಕರೆಂಟು ಹಿಂದಿನ ಲೈಟ್ ಹೊಕ್ಕು, ಉಲ್ಟಾ ಹರದು ಮೀಟರ್ ಲೈಟಿಗೆ ಬಂದೈತಿ.” ಸ್ವಲ್ಪ ತಡೆದು, ತಲೆ ಕೆರೆದುಕೊಂಡ. “ಸರ್, ಒಂಬತ್ತನೇತ್ತಾಗ ಬ್ಯಾಟರಿ-ಬಲ್ಬ್ ಚಿತ್ರ ಬರಿ ಅಂದಾಗ ನಾ ಒಂದ ವಾಯರ್ ಬರದಿದ್ದೆ. ನೀವು ಸೊನ್ನಿ ಹಾಕಿದ್ರಿ.”

“ಎರಡು ವಾಯರ್ ಇಲ್ದ ಸರ್ಕ್ಯೂಟ್ ಹೆಂಗ ಪೂರ್ತಿ ಆಗತೈತೋ?”

“ನಾ ಟ್ರ್ಯಾಕ್ಟರಿನ ಚಿತ್ರ ಬರದಿದ್ದೆ ರೀ. ಬಾಡಿನ ಎರಡನೇ ವಾಯರ್.”

ನಾನು ಬಾನೆಟ್ಟಿನ ಕಡೆ ನೋಡತೊಡಗಿದೆ. ಅಲ್ಲಿ ನೋಡುವಂಥದ್ದು ಏನೂ ಇರಲಿಲ್ಲ.

ಅವನು ಡಿಕ್ಕಿಯೊಳಗೆ ಮತ್ತೆ ತಲೆ ಹಾಕಿದ. “ಸರ್, ಇಲ್ಲಿ ಮೊದಲ ಏನೋ ಕಟ್ಟಿದ್ರಲ್ರಿ. ಬೋಲ್ಟ್ ಸುತ್ತ ಥಳಥಳ ಅನ್ನಾಕತ್ತೈತಿ. ತಗಡಿನಿಂದ ಚಾಸಿಗೆ ಒಂದ ವಾಯರ್ ಇದ್ದಂಗ ಐತಿ.”

ಹೆಂಡತಿ ಏನೂ ಅನ್ನಲಿಲ್ಲ. ಅನ್ನಬಹುದಾಗಿತ್ತು. “ಅತ್ತೀ, ಆ ಹಳದಿ ವಾಯರ್ ಏನ್ ಮಾಡಿದ್ರಿ?” ಎಂದು ಕೇಳಿದಳು ಅಷ್ಟೇ. ಏನನ್ನೂ ಹೊರಗೆ ಚೆಲ್ಲದ ಅವ್ವ ಆಡಿನ ದೊಡ್ಡಿಯ ಕಡೆ ಬೆರಳು ಮಾಡಿದಳು. ತಡಿಕೆಯ ಬಾಗಿಲಿಗೆ ಮಾವನವರ ವಾಯರ್ ಬಿಗಿಯಾಗಿ ಬಿಗಿದಿತ್ತು, ಅದೇ ಅರಿವೆ, ಅದೇ ಗಂಟು.

ಬಿಚ್ಚಿ ತಂದೆವು. ಹುಡುಗ ಎರಡೂ ತುದಿ ಎಮರಿ ಕಾಗದದಿಂದ ತಿಕ್ಕಿ, ಹಳೇ ಜಾಗಕ್ಕೇ ಕೂಡಿಸಿದ. ಅಷ್ಟೊತ್ತಿಗೆ ಕತ್ತಲಾಗಿತ್ತು. “ಕುಂಡ್ರಿ ಸರ್, ಬ್ರೇಕ್ ಒತ್ರಿ.” ಒತ್ತಿದೆ. ಎದುರಿನ ಮೀಟರ್ ಗಪ್ ಚುಪ್ ಕತ್ತಲೆ. ಹಿಂದೆ ಅಂಗಳವೆಲ್ಲ ಕೆಂಪಾಯಿತು.

ಹೆಂಡತಿ ಆಗಲೇ ತವರಿಗೆ ಫೋನು ಹಚ್ಚಿದ್ದಳು. “ಹೂಂ ಅಪ್ಪಾ, ರಿಪೇರಿ ಆತು… ಏನಾಗಿತ್ತಾ?” ನನ್ನ ಕಡೆ ನೋಡಿದಳು. ಬ್ರೇಕಿನ ಮೇಲಿದ್ದ ನನ್ನ ಕಾಲು ನಡುಗಿತು. “ಏನಿಲ್ಲಪಾ, ಹಳೇದು ನೋಡು, ಒಳಗ ಏನೋ ಸಡಿಲಾಗಿತ್ತಂತ.”

ನಾನು ಉಸಿರು ಬಿಟ್ಟು ಹಿಂದಿನದು ಕಾಣುವ ಕನ್ನಡಿಗೆ ಕಣ್ಣು ಹಾಕಿದೆ. ಕೆಂಪು ಬೆಳಕಿನಲ್ಲಿ, ಬಾಗಿಲು ತೆರೆದ ದೊಡ್ಡಿಯಿಂದ ಐದೂ ಆಡುಗಳು ಸಾಲಾಗಿ ಅವ್ವನ ಮೆಂತ್ಯದ ಮಡಿಯ ಕಡೆ ಹೊರಟಿದ್ದವು. ನಾನು ಮೆಲ್ಲಗೆ ಬ್ರೇಕಿನ ಮೇಲಿಂದ ಕಾಲು ತೆಗೆದೆ.