ಮಳೆರಾಯ ನಿರ್ದೋಷಿ

ಅರ್ಕಾವತಿ ಹೊಳೆ ಬತ್ತಿದ್ದಕ್ಕೆ ಬೆಂಗಳೂರಿಗರು ಬಹುಕಾಲ ಮಳೆರಾಯನನ್ನು ಬೈದುಕೊಂಡು ಆರಾಮಾಗಿದ್ದೆವು. ಆಕಾಶದ ಮೇಲೆ ದೂರು ಕೊಡುವುದರಲ್ಲಿ ಅನುಕೂಲವಿದೆ. ಆಸಾಮಿ ತಡೆಯಾಜ್ಞೆ ತರುವುದಿಲ್ಲ. ಅವನಿಗೆ ಶಾಸಕರ ಪರಿಚಯವೂ ಇಲ್ಲ.

ಈ ನೆಮ್ಮದಿ ಕೆಡಿಸಿದವರು ಸಂಶೋಧಕರು. ಏಟ್ರೀ ಸಂಸ್ಥೆಯವರು ಹಳೆಯ ಮಳೆ ಲೆಕ್ಕವನ್ನೆಲ್ಲ ಕೆದಕಿ, 2015ರಲ್ಲಿ ಮಳೆರಾಯನನ್ನು ಹೆಚ್ಚುಕಡಿಮೆ ಖುಲಾಸೆ ಮಾಡಿಬಿಟ್ಟರು. ಗುಮಾನಿ ತಿರುಗಿದ್ದು ಕೊಳವೆಬಾವಿ, ನೀಲಗಿರಿ ತೋಪು, ಹಳ್ಳಕ್ಕೆ ಅಡ್ಡ ಕಟ್ಟಿದ ಒಡ್ಡುಗಳ ಕಡೆಗೆ. ಹಿಂದೆ ನೆಲದೊಳಗಿನ ನೀರು ಜಿನುಗಿ ಹಳ್ಳ ಸೇರುತ್ತಿತ್ತು. ಅಂತರ್ಜಲ ಪಾತಾಳ ಕಂಡ ಮೇಲೆ ಸುರಿದ ಮಳೆಯನ್ನು ನೆಲವೇ ಕುಡಿದು ಮುಗಿಸುತ್ತದೆ, ಹೊಳೆಗೆ ಉಳಿಯುವುದು ಹೆಸರು ಮಾತ್ರ. 2017ರಲ್ಲಿ ಸರ್ಕಾರ ಹೊಸದಾಗಿ ನೀಲಗಿರಿ ನೆಡುವುದನ್ನು ನಿಷೇಧಿಸಿತು. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕುವುದರಲ್ಲಿ ನಮ್ಮವರದು ಎತ್ತಿದ ಕೈ.

ಇದೇ ಹೊಳೆಯ ಹೆಸರಘಟ್ಟದಿಂದ 1890ರ ದಶಕದಲ್ಲಿ, ತಿಪ್ಪಗೊಂಡನಹಳ್ಳಿಯಿಂದ 1930ರ ದಶಕದಲ್ಲಿ ಊರಿಗೆ ನಲ್ಲಿ ನೀರು ಬಂತು. ಈಗ ಕಾವೇರಿಯನ್ನು ಸುಮಾರು ನೂರು ಕಿಲೋಮೀಟರ್ ದೂರದಿಂದ, ಅರ್ಧ ಕಿಲೋಮೀಟರಿನಷ್ಟು ಎತ್ತರಕ್ಕೆ ಪಂಪು ಹೊಡೆದು ತರುತ್ತೇವೆ. ಮನೆ ಬಾಗಿಲ ಹೊಳೆ ಒಣಗಿಸಿ ದೂರದ ಹೊಳೆಗೆ ಕರೆಂಟು ಬಿಲ್ಲು ಕಟ್ಟುವುದಕ್ಕೆ ಅಭಿವೃದ್ಧಿ ಎನ್ನುತ್ತಾರೆ.

ಬೆಂಗಳೂರಿನಲ್ಲಿ ಬತ್ತದ ನದಿಯೂ ಒಂದಿದೆ ಎಂಬುದನ್ನು ಮರೆಯಬಾರದು: ವೃಷಭಾವತಿ. ಯಾವ ಮಳೆಯ ಹಂಗೂ ಅದಕ್ಕಿಲ್ಲ. ಬಸವನಗುಡಿಯ ಬಸವನ ಪಾದದಲ್ಲಿ ಹುಟ್ಟಿತೆನ್ನುವ ಈ ಪುಣ್ಯನದಿಗೆ ನಾವು ಹಗಲಿರುಳೂ ಕಕ್ಕಸಿನ ಫ್ಲಶ್ ಎಳೆದು ಅಭಿಷೇಕ ಮಾಡುತ್ತಿದ್ದೇವೆ. ಮೈಸೂರು ರಸ್ತೆಯ ಬಸ್ಸಿನಲ್ಲಿ ನಿದ್ದೆ ಹೋದವರಿಗೂ ಕೆಂಗೇರಿ ಬಂದದ್ದು ಗೊತ್ತಾಗುತ್ತದೆ. ಕಂಡಕ್ಟರ್ ಕೂಗಬೇಕಿಲ್ಲ, ಕಿಟಕಿ ಗಾಜುಗಳು ಒಂದೊಂದಾಗಿ ತಾವೇ ಎಂಬಂತೆ ಮುಚ್ಚಿಕೊಳ್ಳುತ್ತವೆ. ಮುಂದೆ ಅದು ಅರ್ಕಾವತಿಗೆ, ಅರ್ಕಾವತಿ ಸಂಗಮದಲ್ಲಿ ಕಾವೇರಿಗೆ. ತಂದದ್ದನ್ನು ತಂದಲ್ಲಿಗೇ ಮುಟ್ಟಿಸುವ ಇಂಥ ಪ್ರಾಮಾಣಿಕತೆ ನಮ್ಮ ಬೇರಾವ ವ್ಯವಹಾರದಲ್ಲೂ ಕಂಡಿಲ್ಲ!

ವೃಷಭಾವತಿಯ ಈ ದಾರಿಯ ನಡುವೆ ಬೈರಮಂಗಲ ಕೆರೆ. ಅಲ್ಲಿ ನೀರಿಗಿಂತ ಮೊದಲು ಕಣ್ಣಿಗೆ ಬೀಳುವುದು ನೊರೆ. ಭತ್ತಕ್ಕೆ ಆ ನೀರು ಒಗ್ಗಲಿಲ್ಲವೆಂದು ರೈತರು ಸೀಮೆಹುಲ್ಲು, ಬೇಬಿ ಕಾರ್ನ್ ಬೆಳೆಯತೊಡಗಿದರು. ಹುಲ್ಲು ಹಸುವಿಗೆ, ಹಾಲು ಡೇರಿಗೆ. ಬೇಬಿ ಕಾರ್ನಿನ ಚಿಂತೆ ಬೇಡ. ಅದಕ್ಕೆ ಮಂಚೂರಿ ಹಿಟ್ಟು ಹಚ್ಚಿ ಕರಿದರೆ ಬೆಂಗಳೂರಿನಲ್ಲಿ ಎಷ್ಟಿದ್ದರೂ ಸಾಲದು.