ರಕ್ಕಸನ ಗಂಟಲು, ಆನೆಯ ಸಾಲು

ಮೆಲೋಡಿಕ್ ಡೆತ್ ಮೆಟಲ್ ಎಂದರೆ ಕೊಬ್ಬರಿ ಮಿಠಾಯಿಗೆ ಖಾರದಪುಡಿ ಉದುರಿಸಿದ ಹಾಗೆ: ಗಿಟಾರಿನಲ್ಲಿ ರಾಗ, ಗಂಟಲಲ್ಲಿ ರಕ್ಕಸ. ಸ್ವೀಡನ್ನಿನ ಅಟ್ ದ ಗೇಟ್ಸ್ ತಂಡ 1995ರಲ್ಲಿ ತಂದ ‘ಸ್ಲಾಟರ್ ಆಫ್ ದ ಸೋಲ್’ ಈ ಬಗೆಯ ಹೆಸರಾಂತ ಆಲ್ಬಂ. ಇದು ಬರೀ ಅರಚಾಟ ಎನ್ನುವವರು ಒಮ್ಮೆ ಹಳೇಬೀಡಿಗೆ ಹೋಗಬೇಕು. ಅಲ್ಲಿನ ಗುಡಿಯ ಗೋಡೆಯ ಮೇಲೆ ನರಸಿಂಹ ಹಿರಣ್ಯಕಶಿಪುವಿನ ಕರುಳು ಬಗೆಯುತ್ತಿದ್ದಾನೆ, ಶಿವ ಗಜಾಸುರನ ತೊಗಲು ಸುಲಿದು ಕುಣಿಯುತ್ತಿದ್ದಾನೆ. ನಾವೋ ಮಕ್ಕಳನ್ನು ಅದರೆದುರು ನಿಲ್ಲಿಸಿ ಫೋಟೊ ತೆಗೆಯುತ್ತೇವೆ. ಉಳಿಯಲ್ಲಿ ಹೇಳಿದರೆ ಕಲೆ, ಗಿಟಾರಿನಲ್ಲಿ ಹೇಳಿದರೆ ಗಲಾಟೆ ಎಂಬುದು ಯಾವ ಊರಿನ ನ್ಯಾಯ? ಮಾತೇ ತಿಳಿಯುವುದಿಲ್ಲವಲ್ಲ ಎಂಬ ತಕರಾರಿಗೂ ಉತ್ತರ ಉಂಟು: ಯಕ್ಷಗಾನದ ಬಣ್ಣದ ವೇಷ ಅಬ್ಬರಿಸುವಾಗ ಯಾರೂ ಪದಚ್ಛೇದ ಕೇಳುವುದಿಲ್ಲ.

ಹಾಗೆಂದು ಆಲ್ಬಂಗೆ ಪೂರ್ತಿ ಅಂಕ ಕೊಡಲಾಗದು. ಹನ್ನೊಂದು ತುಣುಕು, ಸುಮಾರು 34 ನಿಮಿಷ, ಬಹುಪಾಲು ಒಂದೇ ನಾಗಾಲೋಟ, ಅರಸೀಕೆರೆ ಜಂಕ್ಷನ್ನಿನಲ್ಲೂ ನಿಲ್ಲದ ರೈಲಿನಂತೆ (ಅಲ್ಲಿ ನಿಲ್ಲದಿದ್ದರೆ ಅದೆಂಥ ರೈಲು!). ನಡುವೆ ‘ಇನ್‌ಟು ದ ಡೆಡ್ ಸ್ಕೈ’ ಎಂಬ ವಾದ್ಯದ ತುಣುಕು ಬಂದಾಗ ಕಿವಿ ಉಸಿರಾಡುತ್ತದೆ. ಬೇಲೂರಿನ ಗುಡಿಯ ಗೋಡೆಯಲ್ಲಿ ಕೆತ್ತಿದ ಆನೆಸಾಲೂ ಒಂದೇ ಸಮನೆ ಸಾಗುತ್ತದಲ್ಲ ಎನ್ನಬಹುದು. ಹೌದು, ಆದರೆ 1117ರಲ್ಲಿ ಪ್ರತಿಷ್ಠೆಯಾದ ಆ ಚೆನ್ನಕೇಶವ ಗುಡಿಯಲ್ಲಿ ಕೆಳಗೆ ಆನೆ ನಡೆದರೆ ಮೇಲೆ ಸೂರಿನಡಿ ಮದನಿಕೆ ಕನ್ನಡಿ ನೋಡಿಕೊಳ್ಳುತ್ತಾಳೆ. ‘ಕೋಲ್ಡ್’ ಹಾಡಿನಲ್ಲಿ ಅತಿಥಿಯಾಗಿ ಬಂದ ಗಿಟಾರ್ ವಾದಕ ಆಂಡಿ ಲಾರಾಕ್ ನುಡಿಸಿದ ಸೋಲೊ ಅಂಥದೊಂದು ಮದನಿಕೆ. ಉಳಿದೆಡೆ ಆನೆಗಳದೇ ಕಾರುಬಾರು. ಕೇಳಿ, ಆದರೆ ಎರಡು ಕಂತಿನಲ್ಲಿ ಕೇಳಿ.